ಏಳನೇ ನಂಬರಿನ ಕೆಂಪು ಬಾಳೆ

2025ರ ಜನವರಿ 7, ಮಂಗಳವಾರ. ಬೆಳಿಗ್ಗೆ 10 ಗಂಟೆ 20 ನಿಮಿಷಕ್ಕೆ ಕಮಲಾಪುರ ಠಾಣೆಗೆ ಅಜ್ಜಿ ಮೊಮ್ಮಗಳು ಬಂದರು. ಅಜ್ಜಿ ಚಾಂದಬಿ. ಮೊಮ್ಮಗಳು ಮರಿಯಮ್, ಊರಿನ ಪ್ರೌಢಶಾಲೆಯಲ್ಲಿ ಹತ್ತನೇ ತರಗತಿ. ಹುಡುಗಿಯ ಕಣ್ಣುಗಳು ಅತ್ತು ಕೆಂಪಾಗಿದ್ದವು. ಅಜ್ಜಿ ಮಾತ್ರ ಜಗಳಕ್ಕೆ ಸೆರಗು ಬಿಗಿದುಕೊಂಡೇ ಬಂದಿದ್ದಳು.

"ಏನು ಕಳುವಾಗ್ಯದ?" ಪಿಎಸ್‌ಐ ಪಂಚಶೀಲಾ ಕೇಳಿದಳು.

"ರಿಜಿಸ್ಟರ್ ರೀ ಮೇಡಂ. ಇನ್ನೂರು ಪುಟದ್ದು."

ಠಾಣೆಯ ಬರವಣಿಗೆ ನೋಡಿಕೊಳ್ಳುವ ಹೆಡ್ ಕಾನ್‌ಸ್ಟೆಬಲ್ ಇಮಾಮುದ್ದೀನ್ ತಲೆ ಎತ್ತಿದರು. ನಿವೃತ್ತಿಗೆ ಎರಡು ವರ್ಷ ಉಳಿದಿದ್ದ ಮನುಷ್ಯ. "ಕಿಮ್ಮತ್ತು ಎಷ್ಟವಾ?"

"ಅರವತ್ತು ರೂಪಾಯಿ ರೀ."

ಅವರು ಪೆನ್ನು ಕೆಳಗಿಟ್ಟರು. "ಮೇಡಂ, ಐದು ಸಾವಿರದ ಒಳಗಿನ ಕಳವಿಗೆ ನಾವು ಎಫ್‌ಐಆರ್ ಮಾಡಾಕ ಬರೂದಿಲ್ಲ."

ಪಂಚಶೀಲಾ ಹುಡುಗಿಯತ್ತ ತಿರುಗಿದಳು. "ಅದರಾಗ ಏನಿತ್ತು?"

ಮರಿಯಮ್ ಒಂದೇ ಉಸಿರಿಗೆ ಹೇಳಿದಳು. ಕಮಲಾಪುರದ ಕೆಂಪು ಬಾಳೆಹಣ್ಣನ್ನು ಹೆಚ್ಚು ದಿನ ಇಡುವುದು ಹೇಗೆ ಎಂದು ಅವಳು ಪ್ರಯೋಗ ಮಾಡಿದ್ದಳು. ಇಪ್ಪತ್ನಾಲ್ಕು ಹಣ್ಣು, ಆರು ಪೇಪರಿನಲ್ಲಿ, ಆರು ಹುಲ್ಲಿನಲ್ಲಿ, ಆರು ಬೇವಿನ ಸೊಪ್ಪಿನಲ್ಲಿ, ಆರು ಹಸಿ ಗೋಣಿಚೀಲದಲ್ಲಿ. ಹದಿನೆಂಟು ದಿನ, ದಿನಕ್ಕೆರಡು ಸಲ ತೂಕ. ಶನಿವಾರ ಕಲಬುರಗಿಯಲ್ಲಿ ಪ್ರೌಢಶಾಲಾ ಮಕ್ಕಳ ವಿಜ್ಞಾನ ಪ್ರಬಂಧ ಸ್ಪರ್ಧೆ. ಕೈಬರಹದ ಮೂಲ ರಿಜಿಸ್ಟರ್ ಇಲ್ಲದವರಿಗೆ ವೇದಿಕೆ ಇಲ್ಲ.

"ಫೋಟೊ ತಗದಿಲ್ಲೇನು?"

"ಫೋನು ಅಪ್ಪನ ಜೋಡಿ ಲಾರಿ ಮ್ಯಾಲೆ ಹೋಗ್ತದ್ರಿ."

"ರಿಜಿಸ್ಟರ್ ಎಲ್ಲಿಟ್ಟಿದ್ದಿ?"

"ಸಾಲಿ ಕಪಾಟಿನಾಗ್ರಿ. ಕೀಲಿ ಹಾಕಿತ್ತು. ನಿನ್ನೆ ಸೋಮಾರ ತಗದು ನೋಡಿದ್ರ ಇಲ್ಲ."

"ಸಾಮಾನು ಜ್ವಾಪಾನ ಮಾಡೋ ಕಟ್ಟಡದಾಗಿನ ಕಳವು," ಎಂದಳು ಪಂಚಶೀಲಾ. "ಬಿಎನ್‌ಎಸ್ ಕಲಂ 305 ಹಚ್ರಿ, ಇಮಾಮ್ ಸಾಹೇಬ್ರ. ಅದಕ್ಕ ಕಿಮ್ಮತ್ತಿನ ಗೊಡವಿ ಇಲ್ಲ."

ಇಮಾಮುದ್ದೀನ್ ಖುಷಿಯಿಂದಲೇ ಪೆನ್ನು ಎತ್ತಿದರು. "ರಿಜಿಸ್ಟರಿಗೆ ಏನರೆ ಗುರ್ತು?"

"ಏಳನೇ ನಂಬರ್ ಹಣ್ಣಿನ ಸಾಲು ಹನ್ನೊಂದನೇ ದಿವಸದಿಂದ ಖಾಲಿ ಅದ್ರಿ." ಹುಡುಗಿ ಅಜ್ಜಿಯ ಕಡೆ ನೋಡಿದಳು.

"ನಾನೇ ತಿಂದೀನಿ ಸಾಬ್!" ಚಾಂದಬಿ ಹೇಳಿದಳು. "ಚೀಟಿ ಹಚ್ಚಿದ ಹಣ್ಣು ತಿನಬಾರ್ದಂತ ಎಲ್ಲರೆ ಬರದದ ಏನು? ಬಹುತ್ ಮೀಠಾ ಇತ್ತು."

ಇಮಾಮುದ್ದೀನ್ ಅದನ್ನೂ ನಗದೆ ಬರೆದುಕೊಂಡರು. ಸುಲಭದ ಕೆಲಸವಾಗಿರಲಿಲ್ಲ.

ಮಧ್ಯಾಹ್ನ 2ಕ್ಕೆ ಶಾಲೆಯಲ್ಲಿ ಇಬ್ಬರು ಪಂಚರ ಮುಂದೆ ಸ್ಥಳ ಪಂಚನಾಮೆ ನಡೆಯಿತು. ಕಪಾಟಿನ ಬೀಗ ಒಡೆದಿರಲಿಲ್ಲ. ಕೀಲಿಕೈ ಕ್ಯಾಲೆಂಡರಿನ ಹಿಂದಿನ ಮೊಳೆಗೆ ತೂಗುತ್ತಿತ್ತು. ಅಲ್ಲಿಂದ ತೆಗೆದು ಅಲ್ಲಿಗೇ ಇಟ್ಟವರು ಯಾರು?

ಪಂಚಶೀಲಾ ಶಾಲೆಯ ಕಸ ಗುಡಿಸುವ ಹಣಮಮ್ಮನನ್ನು ಕೇಳಿದಳು. "ಹೊರಗಿನವರು ಯಾರರೆ ಬಂದಿದ್ರಾ?"

"ಶನಿವಾರ ಕಲಬುರಗಿಯಿಂದ ಒಬ್ಬ ಸರ್ ಬಂದಿದ್ರು. ಪ್ರಬಂಧ ಹ್ಯಾಂಗ ಬರೀಬೇಕಂತ ಭಾಷಣ ಮಾಡಿದ್ರು. ಮರಿಯಮ್ ರಿಜಿಸ್ಟರ್ ತೋರ್ಸಿದ್ಳು. ಹಾಳಿ ತಿರುವಿಕೋತ ನಿಂತೇ ಬಿಟ್ರು."

"ರಿಜಿಸ್ಟರ್ ಒಳಗಿಟ್ಟಿದ್ದು ನೋಡಿದ್ರಾ?"

"ಅವರ ಮುಂದನ ಇಟ್ಟೀವ್ರಿ. ಸಾಲಿ ಬಿಟ್ಟ ಮ್ಯಾಲೆ ತಿರುಗಿ ಬಂದ್ರು. ಚಸ್ಮಾ ಮರ್ತೀನಿ ಅಂದ್ರು."

"ಚಸ್ಮಾ ಸಿಕ್ತಾ?"

"ಕಣ್ಣಿಗೇ ಇತ್ರಿ."

ಪಂಚಶೀಲಾ ಮುಖ ಆಚೆ ತಿರುಗಿಸಿ ನಕ್ಕಳು. ಶಾಲೆಯ ಅತಿಥಿ ಪುಸ್ತಕದಲ್ಲಿ ಆ ಸರ್ ಹೆಸರು ಸಿಕ್ಕಿತು: ಹಣಮಂತರಾಯ, ಜೇವರ್ಗಿ ಕಾಲೋನಿಯ ಟ್ಯೂಷನ್ ಮೇಷ್ಟ್ರು. ಅನುಮಾನ ಹುಟ್ಟಿತು. ಆದರೆ ಕಣ್ಣಿಗಿದ್ದ ಚಸ್ಮಾ ಒಂದರ ಮೇಲೆ ಯಾರನ್ನೂ ಬಂಧಿಸಲು ಬರುವುದಿಲ್ಲ.

ಜನವರಿ 8, ಬುಧವಾರ. ಮಧ್ಯಾಹ್ನ 12ಕ್ಕೆ ಪಂಚಶೀಲಾ ಕಲಬುರಗಿಯ ಜಗತ್ ಸರ್ಕಲ್ ಹತ್ತಿರದ ಸ್ಪರ್ಧೆಯ ಕಚೇರಿಗೆ ಹೋಗಿ ಹೆಸರು ಕೊಟ್ಟವರ ಪಟ್ಟಿ ತೆಗೆಸಿದಳು. ಮೂವತ್ತೊಂದು ಪ್ರಬಂಧಗಳು. ಕೆಂಪು ಬಾಳೆಯದು ಎರಡು. ಹದಿನಾಲ್ಕನೆಯದು ಮರಿಯಮಳದು. ಇಪ್ಪತ್ತೊಂಬತ್ತನೆಯದು ಸೋಮವಾರ ಸಂಜೆ ಸೇರಿದ್ದು: ವಿದ್ಯಾರ್ಥಿ ಪ್ರಬುದ್ಧ, ಮಾರ್ಗದರ್ಶಕರು ಹಣಮಂತರಾಯ.

"ಮೇಡಂ, ಈಗರೆ ಹಿಡ್ಯೂಣೇನು?" ಎಂದರು ಇಮಾಮುದ್ದೀನ್.

"ಮೊದಲು ಬಾಳೆಹಣ್ಣಿನ ವಿಚಾರಣಿ ಆಗ್ಲಿ."

ಸಂಜೆ 4.30ಕ್ಕೆ ಇಬ್ಬರೂ ಟ್ಯೂಷನ್ ಮನೆ ಹೊಕ್ಕರು. ಹಣಮಂತರಾಯನಿಗೆ ನಲವತ್ತೈದರ ಆಸುಪಾಸು. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಒಂದು ಪೆನ್ಸಿಲ್ಲು. ಅವನೆದುರು ಕೂತಿದ್ದ ಪ್ರಬುದ್ಧ ತನ್ನ ರಿಜಿಸ್ಟರನ್ನು ತಾನಾಗಿಯೇ ಮುಂದೆ ಹಿಡಿದ. ಪಂಚಶೀಲಾ ಪುಟ ತಿರುವಿದಳು. ಹದಿನೆಂಟು ದಿನದ ಲೆಕ್ಕವೆಲ್ಲ ಒಂದೇ ನೀಲಿ ಶಾಯಿಯಲ್ಲಿತ್ತು. ಒಂದು ಚಿತ್ತು ಇಲ್ಲ, ಒಂದು ಕಲೆ ಇಲ್ಲ. ಏಳನೇ ಸಾಲು ಹನ್ನೊಂದನೇ ದಿನದಿಂದ ಖಾಲಿ.

"ಏಳನೇ ಹಣ್ಣು ಎಲ್ಲಿ ಹೋಯ್ತಪ್ಪ?"

ಹುಡುಗ ಸರ್ ಮುಖ ನೋಡಿದ.

"ಕೊಳೀತು, ಮೇಡಂ," ಎಂದ ಹಣಮಂತರಾಯ.

"ಎಂಟನೇದೂ ಕೊಳೀತು ಅಂತ ಬರ್ದದ. ಅದಕ್ಕ ಕಡೀತನಕ ತೂಕ ಅದ. ಏಳಕ್ಕ ಯಾಕಿಲ್ಲ?"

ಹಣಮಂತರಾಯ ಜೇಬಿನ ಪೆನ್ನು ಸರಿಮಾಡಿಕೊಂಡ.

"ಆ ಹಣ್ಣು ತಿಂದವರ ಹೇಳಿಕಿ ನಮ್ಮ ಫೈಲಿನಾಗ ಅದ ರೀ. ಭಾಳ ಸವಿ ಇತ್ತಂತ."

ಇಮಾಮುದ್ದೀನ್ ಕೆಮ್ಮಿದರು. ಪ್ರಬುದ್ಧ ಎದ್ದು ನಿಂತ. "ಸರ್, ಇದು ನೀವೇ ಮಾಡಿದ ಪ್ರಯೋಗ ಅಂದಿದ್ರಿ. ಹೊಸಾ ರಿಜಿಸ್ಟರಿಗೆ ಇಳಿಸು ಅಂದ್ರಿ, ಇಳಿಸ್ದೆ. ಕದ್ದದ್ದೇನ್ರಿ ಇದು?"

ಹಣಮಂತರಾಯ ಚಸ್ಮಾ ತೆಗೆದು ಮೇಜಿನ ಮೇಲಿಟ್ಟ.

ಪಂಚಶೀಲಾ ಹುಡುಗನ ಬೆನ್ನ ಮೇಲೆ ಕೈಯಿಟ್ಟಳು. "ನಿಂದೇನು ತಪ್ಪಿಲ್ಲ. ನಿಮ್ಮಪ್ಪನ್ನ ಕರಿ, ಅವರ ಮುಂದ ಎಲ್ಲಾ ಹೇಳು."

ಮರಿಯಮಳ ರಿಜಿಸ್ಟರ್ ಒಳಕೋಣೆಯ ಟ್ರಂಕಿನಲ್ಲಿ ಸಿಕ್ಕಿತು. ಅದಕ್ಕೆ ಹೊಸ ಖಾಕಿ ರಟ್ಟು ಹಾಕಲಾಗಿತ್ತು. ಜಪ್ತಿ ಪಂಚನಾಮೆಯನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ 5.40ಕ್ಕೆ ಮುಗಿಸಿದರು. 6.10ಕ್ಕೆ ಬಂಧನ.

ಜೀಪಿನಲ್ಲಿ ಪಂಚಶೀಲಾ ಕೇಳಿದಳು. "ಸುಟ್ಟು ಹಾಕಿದ್ರ ಸಾಕ್ಷಿನೇ ಇರ್ತಿರ್ಲಿಲ್ಲ. ಯಾಕ ಇಟ್ಕೊಂಡ್ರಿ?"

"ಕೈ ಬರ್ಲಿಲ್ಲ ಮೇಡಂ." ಆಮೇಲೆ ಅವನೇ ಹೇಳಿದ. "ಹತ್ತೊಂಬತ್ತು ವರ್ಷ ಬೋರ್ಡಿನ ಮ್ಯಾಲೆ ಪ್ರಯೋಗ ಬರ್ದೀನಿ. ಒಂದೂ ಮಾಡಿ ನೋಡಿಲ್ಲ. ಆ ಹುಡುಗಿ ತಕ್ಕಡಿ ಹಿಡಿದು ಮಾಡ್ಯಾಳ. ನೋಡಿ ಹೊಟ್ಟಿ ಉರೀತು. ಇಂಥಾದ್ದೊಂದರ ಕೆಳಗ ನನ್ನ ಹೆಸರೂ ಇರ್ಲಿ ಅನ್ನಿಸ್ತು."

ಗುರುವಾರ ಆರೋಪಿಯನ್ನು ನ್ಯಾಯಾಲಯಕ್ಕೆ ಹಾಜರುಪಡಿಸಿದರು. ಜಪ್ತಿಯಾದ ರಿಜಿಸ್ಟರ್ ಹುಡುಗಿಯ ಕೈ ಸೇರಬೇಕಾದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕು. ಇಮಾಮುದ್ದೀನ್ ಅರ್ಜಿ ಹಿಡಿದು ಎರಡು ದಿನ ನ್ಯಾಯಾಲಯದ ಮೆಟ್ಟಿಲು ಹತ್ತಿ ಇಳಿದರು. ಶುಕ್ರವಾರ ಸಂಜೆ 5ಕ್ಕೆ ಆದೇಶವಾಯಿತು. ಮುಚ್ಚಳಿಕೆಗೆ ಚಾಂದಬಿ ಹೆಬ್ಬೆಟ್ಟು ಒತ್ತಿದಳು.

ಶನಿವಾರ ಪಂಚಶೀಲಾ ಸಿವಿಲ್ ಬಟ್ಟೆಯಲ್ಲಿ ಹೋಗಿ ಸಭಾಂಗಣದ ಹಿಂದಿನ ಸಾಲಿನಲ್ಲಿ ಕೂತಳು. ಪ್ರಬುದ್ಧ ಸ್ಪರ್ಧೆಯ ಪಟ್ಟಿಯಿಂದ ತನ್ನ ಹೆಸರು ತಾನೇ ತೆಗೆಸಿ, ಕೇಳಲೆಂದೇ ಬಂದಿದ್ದ. ಮರಿಯಮ್ ಮೊದಲು ತೊದಲಿದಳು. ಆಮೇಲೆ ಗೋಣಿಚೀಲದ ಹಣ್ಣು ಉಳಿದವಕ್ಕಿಂತ ನಾಲ್ಕು ದಿನ ಹೆಚ್ಚು ಬಾಳಿದ್ದನ್ನು ಹೇಳುವಾಗ ಅವಳನ್ನು ಹಿಡಿಯುವವರೇ ಇರಲಿಲ್ಲ.

ನಿರ್ಣಾಯಕರೊಬ್ಬರು ರಿಜಿಸ್ಟರ್ ತಿರುವುತ್ತ ಹದಿನಾಲ್ಕನೇ ಪುಟದಲ್ಲಿ ನಿಂತರು. "ಇಲ್ಲಿ ಸರಾಸರಿ ತಪ್ಪಿತ್ತು. ಪೆನ್ಸಿಲ್‌ನಿಂದ ತಿದ್ದಿದೆ. ಇದು ನಿನ್ನ ಅಕ್ಷರವಲ್ಲ."

"ಒಬ್ಬ ಸರ್ ತಿದ್ದ್ಯಾರ್ರಿ," ಎಂದಳು ಮರಿಯಮ್. "ನಿನ್ನೆ ಮತ್ತ ಲೆಕ್ಕ ಹಾಕಿ ನೋಡೀನಿ. ಅವರದೇ ಬರೋಬ್ಬರಿ ಅದ್ರಿ."

ಅವಳಿಗೆ ಎರಡನೇ ಬಹುಮಾನ ಬಂತು. ಮೊದಲನೆಯದು ಚಿತ್ತಾಪುರದ ಹುಡುಗನ ಇರುವೆಗಳಿಗೆ ಹೋಯಿತು. ಚಾಂದಬಿ ಇದನ್ನು ಒಪ್ಪಲಿಲ್ಲ; ಇರುವೆಯನ್ನು ಯಾರು ತಿನ್ನುತ್ತಾರೆ ಎಂಬುದು ಅವಳ ತಕರಾರು.

ಠಾಣೆಗೆ ಮರಳಿ ಪಂಚಶೀಲಾ ಕೇಸ್ ಡೈರಿ ತೆರೆದಳು. ದಿನಾಂಕ, ವೇಳೆ ಹಾಕಿ ಬರೆದಳು: "ಆರೋಪಿಯಿಂದ ಸ್ವತ್ತಿಗೆ ಯಾವುದೇ ಹಾನಿಯಾಗಿರುವುದಿಲ್ಲ. ಪುಟ 14ರಲ್ಲಿ ಒಂದು ತಪ್ಪು ಲೆಕ್ಕ ಸರಿಯಾಗಿರುತ್ತದೆ."