ಶಲ್ಯದಡಿಯ ಬೆಲೆ ಬಯಲಾದದ್ದು

"ತುಳಸಾಬಾಯಿಯವರೇ, ನನ್ನ ಒಡಹುಟ್ಟಿದ ತಮ್ಮನೇ ಕಳ್ಳ! ನಾಡಿದ್ದು ನಾ ಅವನ್ನ ಪೇಢಿಯಿಂದ ಹೊರಗ ಹಾಕಾಂವ!"

ಬಾಗಿಲಲ್ಲೇ ಹೀಗೆ ಗುಡುಗಿದವರು ಜಮಖಂಡಿಯ ದಲಾಲಿ ಬಸಗೊಂಡಪ್ಪನವರು. ಅಂಗಡಿ, ಗೋದಾಮುಗಳನ್ನು ಕೊಡಿಸುವ ಪೇಢಿ ಅವರ ಅಜ್ಜನ ಕಾಲದ್ದು. ಸಂಸ್ಥಾನ ಮುಂಬಯಿ ರಾಜ್ಯಕ್ಕೆ ಸೇರಿ ಐದು ವರ್ಷದೊಳಗೆ ಅದು ಮೂರೂರಿಗೆ ಹಬ್ಬಿತ್ತು. ಮುಧೋಳದ ಶಾಖೆ ನೋಡಿಕೊಳ್ಳುವವನು ತಮ್ಮ ಶಿದ್ರಾಮಪ್ಪ, ಬೀಳಗಿಯದನ್ನು ಕೃಷ್ಣಾಜಿ, ಬನಹಟ್ಟಿಯದನ್ನು ಚನಮಲ್ಲಪ್ಪ.

ನಾನು ಜಕ್ಕಪ್ಪ, ಸಂಸ್ಥಾನದ ಮಾಜಿ ಹವಾಲ್ದಾರ. ನಿವೃತ್ತ ಶಿಕ್ಷಕಿ ತುಳಸಾಬಾಯಿಯವರ ಪತ್ತೇದಾರಿಕೆಯಲ್ಲಿ ಮಿದುಳು ಅವರದು, ಮೀಸೆ ನನ್ನದು.

ಈ ದಲಾಲಿಗಳ ಪದ್ಧತಿ ಎಲ್ಲರಿಗೂ ಗೊತ್ತು. ಮಾರುವವರೂ ದಲಾಲಿಯೂ ಶಲ್ಯದಡಿ ಬೆರಳು ಹಿಡಿದು ಬೆಲೆ ಕುದುರಿಸುತ್ತಾರೆ. ಬಾಯಲ್ಲಿ ಆಡುವುದಿಲ್ಲ, ಬರೆಯುವುದೂ ಇಲ್ಲ. ಮರುದಿನ ದಲಾಲಿ ಕೊಟ್ಟ ವೀಳ್ಯವನ್ನು ಮಾರುವವರು ಹಿಡಿದರೆ ವ್ಯವಹಾರ ಪಕ್ಕಾ. ಆದರೂ ಎದುರು ಪೇಢಿಯ ತುಕಾರಾಮ ಮೂರು ಸಲ ವೀಳ್ಯಕ್ಕೆ ಮೊದಲೇ ಬಂದು, ಸರಿಯಾಗಿ ನೂರು ರೂಪಾಯಿ ಹೆಚ್ಚು ಕೂಗಿ ಸೊತ್ತು ಎಗರಿಸಿದ್ದ!

"ತಮ್ಮನ ಮ್ಯಾಲ ಸಂಶಯ ಯಾಕ?" ಎಂದರು ತುಳಸಾಬಾಯಿ.

"ಕೇಳಿದ್ರ ಸುಮ್ಮನ ತಲಿ ತಗ್ಗಿಸ್ತಾನರಿ. ತಪ್ಪಿಲ್ಲದಾಂವ ಬಾಯಿ ಬಿಡೂದಿಲ್ಲೇನು?"

ಮರುದಿನ ಪೇಢಿಗೆ ಹೋದೆವು. "ಜಕ್ಕಪ್ಪ, ಚಾ ಆತೇನ್ರಿ?" ಎಂದು ಬಸಗೊಂಡಪ್ಪನವರು ಮೂರು ಸಲ ಕೇಳಿದರು, ನಾನು ಮೂರು ಸಲ ಕುಡಿದೆ. ತುಳಸಾಬಾಯಿ ಮಾತ್ರ ಒಳಕೋಣೆಯ ಗೂಟದಲ್ಲಿದ್ದ ಶಲ್ಯದ ಅಂಚಿನ ದಾರಗಳನ್ನು ಸವರುತ್ತ ನಿಂತಿದ್ದರು. ಕೆಲವು ದಾರಗಳು ಸುರುಳಿ ಸುತ್ತಿದ್ದವು.

ಅಂದೇ ಮುಧೋಳದ ರತ್ನಾಬಾಯಿಯವರ ಗೋದಾಮಿನ ಬೆಲೆ ಶಲ್ಯದಡಿ ಕುದುರಿತು, ಶಲ್ಯ ಮತ್ತೆ ಗೂಟಕ್ಕೇರಿತು. ಆಮೇಲೆ ತುಳಸಾಬಾಯಿ, ವೀಳ್ಯಕ್ಕೆಂದು ಬಂದಿದ್ದ ಮೂವರು ಶಾಖೆಯವರನ್ನು ಒಬ್ಬೊಬ್ಬರನ್ನಾಗಿ ಆ ಕೋಣೆಗೆ ಅಟ್ಟಿದರು. ಒಬ್ಬನಿಗೆ ಎಲೆ ತಟ್ಟೆ, ಒಬ್ಬನಿಗೆ ಸುಣ್ಣ, ಒಬ್ಬನಿಗೆ ಅಡಕೊತ್ತು ತರುವ ಕೆಲಸ. ಪ್ರತಿಯೊಬ್ಬನ ಮುಂಚೆ ತಾವೂ ಒಳಗೆ ಹೋಗಿ ಬಂದರು. ನನಗೆ ತಲೆಬುಡ ತಿಳಿಯಲಿಲ್ಲ, ಸಿಟ್ಟೂ ಬಂತು.

ಮರುದಿನ ಬೆಳಿಗ್ಗೆ ಎಲ್ಲರೂ ಸೇರಿದ್ದರು. ವೀಳ್ಯ ಎತ್ತುವಷ್ಟರಲ್ಲಿ ತುಕಾರಾಮ ಏದುಸಿರು ಬಿಡುತ್ತ ನುಗ್ಗಿದ.

"ರತ್ನಾಬಾಯಾರ, ತಡೀರಿ! ಏಳು ಸಾವಿರದ ನೂರು, ನಂದು!"

"ಸಿಕ್ಕ!" ಎಂದು ತುಳಸಾಬಾಯಿ ಚಪ್ಪಾಳೆ ತಟ್ಟಿದರು. "ರತ್ನಾಬಾಯಿ, ನಿನ್ನಿ ಕುದುರಿದ್ದು ಎಷ್ಟರಿ?"

"ಐದು ಸಾವಿರ."

"ಕೇಳ್ರಿ ಎಲ್ಲಾರೂ. ಶಲ್ಯದ ಅಂಚಿನ ದಾರ ಸುರುಳಿ ಆಗಿದ್ದವು, ಅಂದ್ರ ಅಲ್ಲೆ ಗಂಟು ಹಾಕಿ ಬಿಚ್ಯಾರ. ಸಾವಿರಕ್ಕೊಂದು ಗಂಟು, ಕಳ್ಳ ಅವನ್ನ ಎಣಸ್ತಿದ್ದ. ಮೂರು ಸಲ ಚಾ ಕೇಳಿದವರು ಯಾಕ ಗಂಟು ಹಾಕ್ತಾರ ಅನ್ನೂದೂ ತಿಳೀತು. ನಿನ್ನಿ ಐದು ಗಂಟು ಇದ್ದವು. ನಾನು ಬಿಚ್ಚಿ, ಶಿದ್ರಾಮಪ್ಪ ಒಳಗ ಹೋಗೂ ಮುಂಚೆ ನಾಕು ಹಾಕಿದೆ, ಕೃಷ್ಣಾಜಿಗೆ ಆರು, ಕಡೀಕ ಏಳು. ಏಳು ಗಂಟು ಕಂಡಾಂವ ಒಬ್ಬನ, ಚನಮಲ್ಲಪ್ಪ!"

ಚನಮಲ್ಲಪ್ಪ ಬಾಗಿಲ ಕಡೆ ಹಾರಿದ. ನಾನು ಬಿಡುತ್ತೇನೆಯೇ? ರಟ್ಟೆ ಹಿಡಿದು ಕೂರಿಸಿದೆ. ಬನಹಟ್ಟಿಯಲ್ಲಿ ಅವನಿಗೇ ಒಂದು ಪೇಢಿ ಹಾಕಿಕೊಡುವುದಾಗಿ ತುಕಾರಾಮ ಆಸೆ ತೋರಿಸಿದ್ದನಂತೆ.

ಎಲ್ಲರ ಕಣ್ಣೂ ಬಸಗೊಂಡಪ್ಪನವರ ಮೇಲೆ ಬಿದ್ದವು. ಅವರ ಮುಖ ಬಾಡಿತು.

"ಖರೆ. ವರ್ಷಾತು, ನನಗ ನೆನಪು ನಿಲ್ಲವಲ್ದು, ಅದಕ್ಕ ಗಂಟು ಹಾಕ್ತಿದ್ದೆ. ಮರವಿನ ದಲಾಲಿ ಜೋಡಿ ಯಾರು ಕೈ ಕೂಡಸ್ತಾರ ಅಂತ ಮುಚ್ಚಿಟ್ಟೆ. ನನ್ನ ಗಂಟು ಯಾರ ಕಣ್ಣಿಗೂ ಬಿದ್ದಿಲ್ಲಂತ ತಿಳಿದು, ಬಾಯಿ ಬಿಡದ ತಮ್ಮನ್ನ ಕಳ್ಳ ಮಾಡಿದೆ."

ಶಿದ್ರಾಮಪ್ಪ ಅಣ್ಣನ ಮುಂದೆ ಮೊಣಕಾಲೂರಿ ಕುಳಿತ.

"ಅಣ್ಣಾ, ನಿನ್ನ ಗಂಟು ನನಗ ಗೊತ್ತಿತ್ತು."

"ಗೊತ್ತಿದ್ದೂ ಯಾಕ ಬಾಯಿ ಬಿಡಲಿಲ್ಲೋ? ನಿನ್ನ ಹೊರಗ ಹಾಕಾಂವ ಇದ್ದೆನಲ್ಲೋ!"

"ನಾ ಹೊರಗ ಹೋದ್ರ ಮುಧೋಳ ಒಂದ ಹೋಗ್ತಿತ್ತು. ನಿನ್ನ ಮರವು ಪ್ಯಾಟಿಗೆ ತಿಳಿದಿದ್ರ ನಾಕೂ ಊರು ಹೋಗ್ತಿದ್ದವು."

ಬಸಗೊಂಡಪ್ಪನವರು ತಮ್ಮನ ತಲೆಯನ್ನು ಎದೆಗವಚಿಕೊಂಡು ಬಿಕ್ಕಿ ಬಿಕ್ಕಿ ಅತ್ತರು. ಆಗ ರತ್ನಾಬಾಯಿ ಎದ್ದರು. ತುಕಾರಾಮನ ಏಳು ಸಾವಿರದ ನೂರರ ಕಡೆ ತಿರುಗಿಯೂ ನೋಡದೆ, ಐದು ಸಾವಿರದ ಮಾತಿಗೇ ಶಿದ್ರಾಮಪ್ಪನ ಮುಂದೆ ವೀಳ್ಯಕ್ಕೆ ಕೈ ಚಾಚಿದರು.