ತಾತನನ್ನು ಹೊತ್ತು ಇಳಿದವರು

"ರೀ, ಸ್ವಲ್ಪ ದಾರಿ ಬಿಡ್ತೀರಾ? ಕೈ ಬಿದ್ದೇ ಹೋಗ್ತಿದೆ!"

ಮೂರನೇ ಮಹಡಿಯ ಮೆಟ್ಟಿಲ ತುಂಬ ಸ್ಪ್ಯಾನರುಗಳನ್ನು ಹರಡಿಕೊಂಡು ಕೂತಿದ್ದ ಲಿಫ್ಟ್ ಮೆಕ್ಯಾನಿಕ್ ದಡಬಡಿಸಿ ಎದ್ದ. ಅವಳಿಗೆ ಅವನು ಅರ್ಧ ಮಾತ್ರ ಕಂಡ. ಉಳಿದರ್ಧಕ್ಕೆ ನಾಯಿಯ ಕಿವಿ ಅಡ್ಡವಾಗಿತ್ತು.

"ನಾಯಿಗೆ ಕಾಲಿಲ್ವಾ ಮೇಡಂ?"

"ನಾಲ್ಕಿವೆ. ನಾಲ್ಕೂ ನೋಯ್ತವೆ. ನಿಮ್ಮ ಲಿಫ್ಟ್ ನೆಟ್ಟಗಿದ್ದಿದ್ರೆ ನಾನ್ಯಾಕೆ ಹೊರ್ತಿದ್ದೆ?"

"ಪಾರ್ಟ್ ಬರ್ಬೇಕು."

"ಬರ್ಲಿ, ನಿಧಾನಕ್ಕೆ ಬರ್ಲಿ. ಅಷ್ಟರಲ್ಲಿ ನನ್ನ ಸೊಂಟ ಹೋಗಿರುತ್ತೆ. ಅದಕ್ಕೂ ಒಂದು ಪಾರ್ಟ್ ತರಿಸಿ."

ಅವನು ನಕ್ಕ. ಅವಳು ಹಲ್ಲುಸೆಟ್ಟು ಮಾಡುವ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಮುಖಕ್ಕಿಂತ ಮೊದಲು ಹಲ್ಲು ನೋಡುವುದು ಅವಳ ಕೆಟ್ಟ ಚಾಳಿ. ಅವನ ಮುಂದಿನ ಒಂದು ಹಲ್ಲು ಪಕ್ಕದ್ದರ ಮೇಲೆ ಚೂರು ಹತ್ತಿ ಕೂತಿತ್ತು. ಅದನ್ನು ತಿದ್ದಬೇಕು ಅಂತ ಅವಳಿಗೆ ಅನ್ನಿಸಲೇ ಇಲ್ಲ. ಅದೇ ಅವಳಿಗೆ ಸೋಜಿಗ.

"ಕೊಡಿ ಇಲ್ಲಿ" ಎಂದು ಅವನು ನಾಯಿಯನ್ನು ಮಗುವಿನ ಹಾಗೆ ಹೆಗಲಿಗೆ ಹಾಕಿಕೊಂಡು ಇಳಿದೇಬಿಟ್ಟ. ನಾಯಿ ಅವನ ಕಿವಿಯ ಮೇಲಿನ ಗ್ರೀಸು ನೆಕ್ಕುತ್ತಾ ಹೋಯಿತು.

ನಾಯಿಯನ್ನು ಎಲ್ಲರೂ ತಾತ ಎನ್ನುತ್ತಿದ್ದರು. ಮನೆ ಖಾಲಿ ಮಾಡಿದ ಯಾರೋ ಪುಣ್ಯಾತ್ಮರು ಅದನ್ನು ಲ್ಯಾಬಿನ ಗೇಟಿಗೆ ಕಟ್ಟಿ ಹೋಗಿದ್ದರು. ಮುಖವೆಲ್ಲ ನೆರೆತು ಬೆಳ್ಳಗಾಗಿತ್ತು, ಬಾಯಲ್ಲಿ ಹಲ್ಲೇ ಇರಲಿಲ್ಲ ಅನ್ನಬೇಕು. ಊರಿಗೆಲ್ಲ ಹಲ್ಲು ಕಟ್ಟುವವಳಿಗೆ ಬೊಚ್ಚುಬಾಯಿಯ ನಾಯಿ ಗಂಟುಬಿತ್ತು ಎಂದು ಲ್ಯಾಬಿನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಎರಡು ದಿನದ ಮಟ್ಟಿಗೆ ಎಂದುಕೊಂಡು ಅವಳು ಅದನ್ನು ನಾಲ್ಕನೇ ಮಹಡಿಗೆ, ತಾನಿದ್ದ ಅಕ್ಕನ ಮನೆಗೆ ಕರೆತಂದಳು.

ಅಕ್ಕನ ಮಗಳಿಗೆ ಉಬ್ಬಸ. ನಾಯಿಯನ್ನು ಬಾಲ್ಕನಿಯಲ್ಲಿಟ್ಟರೂ ಕೂದಲು ಒಳಗೆ ಬರದೆ ಬಿಡುತ್ತದೆಯೇ? ಮಗು ಸುಂಯ್ ಸುಂಯ್ ಎಂದು ಉಸಿರೆಳೆಯುವುದು ರಾತ್ರಿಯೆಲ್ಲ ಅವಳಿಗೆ ಕೇಳುತ್ತಿತ್ತು. ಭಾವ ಕೆಟ್ಟವರೇನಲ್ಲ. "ಪುಟ್ಟೀ, ಭಾನುವಾರದವರೆಗೆ ಯಾರಾದ್ರೂ ಸಿಕ್ತಾರಾ ನೋಡಮ್ಮ. ಇಲ್ದಿದ್ರೆ ನಾನೇ ನಗರಸಭೆ ಶೆಡ್ಡಿಗೆ ಬಿಟ್ಟು ಬರ್ತೀನಿ" ಎಂದಿದ್ದರು. ಆ ಶೆಡ್ಡಿನಿಂದ ಮರಿಗಳನ್ನು ಜನ ಎತ್ತಿಕೊಂಡು ಹೋಗುತ್ತಿದ್ದರು. ಮುದಿ ನಾಯಿ ಹೊರಗೆ ಬಂದದ್ದನ್ನು ಮಾತ್ರ ಯಾರೂ ಕಂಡವರಿಲ್ಲ.

ಅವಳು ಕಂಡಕಂಡವರನ್ನು ಕೇಳಿದಳು. ಲ್ಯಾಬಿಗೆ ಬರುವ ಡಾಕ್ಟರುಗಳು, ಹಾಲಿನವನು, ಹಳೇ ಕ್ಲಾಸ್‌ಮೇಟುಗಳು, ಯಾರನ್ನೂ ಬಿಡಲಿಲ್ಲ. ಎಲ್ಲರದೂ ಒಂದೇ ಪ್ರಶ್ನೆ, ವಯಸ್ಸೆಷ್ಟು. ಹೇಳಿದ ಮೇಲೆ ಒಂದೇ ಉತ್ತರ. "ಅಯ್ಯೋ, ಇವತ್ತೋ ನಾಳೆಯೋ ಅನ್ನೋದನ್ನ ಯಾರಮ್ಮ ಸಾಕ್ತಾರೆ?"

ಈ ಸಂಕಟದ ನಡುವೆ ದಿನಕ್ಕೆರಡು ಸಲ ಮಾತ್ರ ಅವಳಿಗೆ ಉಸಿರಾಡಿದಂತಾಗುತ್ತಿತ್ತು. ಬೆಳಿಗ್ಗೆ, ಸಂಜೆ ತಾತನನ್ನು ಕೆಳಗಿಳಿಸುವ ಹೊತ್ತಿಗೆ ಆ ಮೆಕ್ಯಾನಿಕ್ ಮನೆ ಬಾಗಿಲಲ್ಲೇ ಕಾದಿರುತ್ತಿದ್ದ.

"ನಿಮಗೆ ಬೇರೆ ಕೆಲಸ ಇಲ್ವಾ?"

"ಇದೇ ಕೆಲಸ. ಲಿಫ್ಟ್ ಕೆಟ್ಟಾಗ ಜನಾನ ಇಳಿಸೋದು ನಮ್ಮ ಡ್ಯೂಟಿ."

"ಜನಾನ. ನಾಯೀನಲ್ಲ."

"ತಾತ ಏನ್ ಕಮ್ಮಿ ಜನವಾ?" ಎಂದು ಅವನು ನಾಯಿಯ ತಲೆಯ ಮೇಲಿಂದ ಅವಳನ್ನು ನೋಡುತ್ತಿದ್ದ. ನೋಡಿ, ಸಿಕ್ಕಿಬಿದ್ದು, ಗೋಡೆಯ ಕಡೆ ತಿರುಗುತ್ತಿದ್ದ. ಅವಳು ನಗು ಬಿಗಿಹಿಡಿದು ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದಳು. ಹಾಳು ಮನಸ್ಸು! ಮನೆಗೆ ಬೆಂಕಿ ಬಿದ್ದಿರುವಾಗ ಚಳಿ ಕಾಯಿಸಿಕೊಂಡರಂತೆ, ಹಾಗಾಯಿತು ತನ್ನ ಕಥೆ ಎಂದು ಬೈದುಕೊಳ್ಳುತ್ತಿದ್ದಳು.

"ನಾನೇ ಇಟ್ಕೊಂಡ್ಬಿಡ್ತಿದ್ದೆ ರೀ" ಎಂದ ಒಂದು ಸಂಜೆ. "ಕಂಪನಿ ರೂಮಲ್ಲಿ ಆರು ಜನ ಮಲಗ್ತೀವಿ. ಮಗ್ಗಲು ಬದಲಾಯಿಸ್ಬೇಕಂದ್ರೆ ಪಕ್ಕದವನ್ನ ಎಬ್ಬಿಸ್ಬೇಕು."

ಗುರುವಾರ ಒಂದು ಫೋನ್ ಬಂತು. ಹಾಲಿನವನಿಂದ ಸುದ್ದಿ ತಿಳಿದ, ಎರಡು ಬೀದಿ ಆಚೆಗಿದ್ದ ನಿವೃತ್ತ ಟೀಚರಮ್ಮ. ಒಬ್ಬರೇ ಇದ್ದರು, ಮನೆ ಮುಂದೆ ಸಣ್ಣ ಅಂಗಳವಿತ್ತು. "ನಂಗೆ ಮರಿ ಬೇಡಮ್ಮ. ಮರಿ ಓಟಕ್ಕೂ ನನ್ನ ಮಂಡಿಗೂ ಎಣ್ಣೆ ಸೀಗೆಕಾಯಿ. ವಯಸ್ಸಾಗಿರೋದೇ ಬೇಕು. ನಾಳೆ ಬಂದು ನೋಡ್ತೀನಿ" ಎಂದರು. ಅವಳು ತಾತನನ್ನು ತಬ್ಬಿ ಅತ್ತಳು. ಸ್ನಾನ ಮಾಡಿಸಿದಳು. ಕುತ್ತಿಗೆಯ ಪಟ್ಟಿಯನ್ನು ಸೋಪು ಹಾಕಿ ಉಜ್ಜಿದಳು.

ಮರುದಿನ ಸಂಜೆ ಟೀಚರಮ್ಮ ಬರಲಿಲ್ಲ, ಫೋನೇ ಬಂತು.

"ಮಧ್ಯಾಹ್ನವೇ ಬಂದಿದ್ದೆ ಕಣಮ್ಮ. ನೀನು ಫೋನ್ ಎತ್ತಲಿಲ್ಲ." ಲ್ಯಾಬಿನಲ್ಲಿ ಕೈಯೆಲ್ಲ ಪ್ಲಾಸ್ಟರು, ಎತ್ತುವುದು ಹೇಗೆ? "ಲಿಫ್ಟ್ ಕೆಟ್ಟಿದೆ ಅಂತ ಬೋರ್ಡ್ ಹಾಕಿತ್ತು. ಹತ್ತೋಣ ಅಂತ ನೋಡಿದೆ. ಆರನೇ ಮೆಟ್ಟಿಲಲ್ಲಿ ಕೂತ್ಬಿಟ್ಟೆ. ಆಗ ಅನ್ನಿಸ್ತು, ಆರು ಮೆಟ್ಟಿಲು ಹತ್ತಲಾರದವಳು ದಿನಾ ನಾಯಿ ಅಡ್ಡಾಡಿಸ್ತೀನಾ? ಆಸೆಪಟ್ಟು ಒಂದು ಮೂಕಪ್ರಾಣಿಗೆ ಅನ್ಯಾಯ ಮಾಡಬಾರದು. ನನ್ನ ಕ್ಷಮಿಸ್ಬಿಡು ಮಗಾ."

ಅವಳು ಮೆಟ್ಟಿಲ ಮೇಲೆ ಕುಸಿದು ಕೂತಳು. ಮೆಕ್ಯಾನಿಕ್ ಓಡಿ ಬಂದ. ನಡೆದದ್ದನ್ನು ಹೇಳುತ್ತಾ ಹೋದಂತೆ ಅವನ ಮುಖದ ರಕ್ತವೆಲ್ಲ ಇಳಿದುಹೋಯಿತು.

"ಒಂದ್ ಮಾತು ಹೇಳ್ಬೇಕು" ಎಂದ. "ಲಿಫ್ಟ್ ಬುಧವಾರಾನೇ ಸರಿಹೋಯ್ತು."

"ಏನಂದ್ರಿ?"

"ಪಾರ್ಟ್ ಬಂತು, ಹಾಕ್ದೆ, ಓಡ್ತು. ನಾನೇ ಸ್ವಿಚ್ ಆಫ್ ಮಾಡಿ ಬೋರ್ಡ್ ಬಿಟ್ಟಿದ್ದೆ. ಇನ್ನೆರಡು ದಿನ ನಿಮ್ಮ ಜೊತೆ ಇಳೀಬೋದಲ್ಲ ಅಂತ. ಅಷ್ಟೇ ಯೋಚನೆ ಮಾಡಿದ್ದು ರೀ. ಬೇರೇನೂ ತಲೆಗೆ ಹೋಗ್ಲಿಲ್ಲ."

ಅವಳಿಗೆ ಅವನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ತನಗಾಗಿ ಒಬ್ಬ ಇಡೀ ಕಟ್ಟಡದ ಲಿಫ್ಟ್ ನಿಲ್ಲಿಸಿದ್ದಾನೆ ಎಂಬುದು ಬೇರೆ ದಿನವಾಗಿದ್ದರೆ ಎಷ್ಟು ಸಿಹಿಯಾಗಿರುತ್ತಿತ್ತು! ಆ ಸಿಹಿಯೇ ಈಗ ವಿಷವಾಗಿತ್ತು.

"ನಿಮ್ಮ ಎರಡು ದಿನಕ್ಕೆ ಇದರ ಇಡೀ ಆಯಸ್ಸು ಕೊಟ್ರಿ" ಎಂದಳು. "ಇನ್ಮೇಲೆ ನಿಮ್ಮ ಮುಖ ತೋರಿಸ್ಬೇಡಿ."

ಶನಿವಾರ ಅವಳು ಫೋನ್ ಮಾಡದ ನಂಬರಿಲ್ಲ. ಯಾರೂ ಒಪ್ಪಲಿಲ್ಲ. ಭಾನುವಾರ ಬೆಳಿಗ್ಗೆ ಭಾವ ಬೂಟಿನ ಲೇಸು ಕಟ್ಟುತ್ತಾ, ಅವಳ ಕಡೆ ನೋಡಲಾರದೆ ನೆಲವನ್ನೇ ನೋಡುತ್ತಿದ್ದರು. ಅಕ್ಕ ಒಳಗೆ ಮೂಗು ಸೀಟುತ್ತಿದ್ದಳು. ತಾತನಿಗೆ ಏನು ಗೊತ್ತು? ಹೊರಗೆ ಹೋಗುವ ಸಂಭ್ರಮದಲ್ಲಿ ಬಾಲವನ್ನು ನೆಲಕ್ಕೆ ಬಡಿಯುತ್ತಿದ್ದ.

"ಭಾವ, ಒಂದೇ ಒಂದು ಗಂಟೆ ಕೊಡಿ. ಟೀಚರಮ್ಮನ ಕಾಲಿಗೆ ಬೀಳ್ತೀನಿ. ಆಗ್ಲಿಲ್ಲ ಅಂದ್ರೆ ನಾನೇ ಶೆಡ್ಡಿಗೆ ಕರ್ಕೊಂಡು ಹೋಗ್ತೀನಿ. ನೀವು ಬೇಡ. ನನ್ನ ಕೈಯಿಂದಲೇ ಆಗ್ಲಿ."

ಎರಡು ಬೀದಿ ದಾಟುವಷ್ಟರಲ್ಲಿ ತಾತ ನಾಲ್ಕು ಕಡೆ ಕೂತ. ಪ್ರತಿ ಸಲವೂ ಅವಳು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಅವನ ತಲೆಗೆ ತಲೆ ಒತ್ತಿ, ಏಳೋ ರಾಜ, ಏಳೋ ಎಂದಳು.

ಟೀಚರಮ್ಮನ ಗೇಟು ತೆರೆದಿತ್ತು. ಅಂಗಳದಲ್ಲಿ ಮೆಕ್ಯಾನಿಕ್ ಹೋಂವರ್ಕ್ ಮಾಡದ ಹುಡುಗನ ಹಾಗೆ ಕೈಕಟ್ಟಿ ನಿಂತಿದ್ದ. ಟೀಚರಮ್ಮ ಕುರ್ಚಿಯಲ್ಲಿ ಕೂತು ಚೆನ್ನಾಗಿ ಮಂಗಳಾರತಿ ಎತ್ತುತ್ತಿದ್ದರು.

"ಬಾಮ್ಮ, ಬಾ. ಈ ಮಹಾನುಭಾವ ಬೆಳಗಾಗೋದೇ ತಡ ಮನೆ ಹುಡುಕ್ಕೊಂಡು ಬಂದು ನಿಂತಿದಾನೆ. ಮಾಡಿದ್ದನ್ನೆಲ್ಲ ಒಪ್ಕೊಂಡ. ತಪ್ಪು ನಾನು ಬಿಟ್ಟ ಬೋರ್ಡಿಂದು, ನಿಮ್ಮ ಮಂಡಿದಲ್ಲ ಅಂತಾನೆ! ಮಂಡಿ ಮಂಡಿಯೇ ಕಣಪ್ಪಾ, ಬೋರ್ಡ್ ತೆಗೆದ್ರೆ ವಾಸಿಯಾಗುತ್ತಾ ಅಂದೆ. ಅದಕ್ಕೆ, ದಿನಾ ಬೆಳಿಗ್ಗೆ ನಾನೇ ಬಂದು ಅಡ್ಡಾಡಿಸ್ತೀನಿ ಅಂತಾನೆ. ಎಷ್ಟು ದಿನ ಅಂತ ಕೇಳಿದ್ರೆ, ತಾತ ಇರೋವರೆಗೂ ಅಂತಾನೆ. ಸರಿ, ಬೆಳಿಗ್ಗೆ ಆಯ್ತು. ಸಂಜೆಗೆ?"

"ಸಂಜೆ ನಾನ್ ಬರ್ತೀನಿ" ಎಂದಳು ಅವಳು. ಅವನ ಕಡೆ ಅಪ್ಪಿತಪ್ಪಿಯೂ ನೋಡಲಿಲ್ಲ.

ಟೀಚರಮ್ಮ ಕೈ ಚಾಚಿದರು. ತಾತ ನಿಧಾನಕ್ಕೆ ಹೋಗಿ ಅವರ ಬೆರಳು ಮೂಸಿದ, ಸೀರೆಯ ಅಂಚು ಮೂಸಿದ, ಬಾಗಿಲ ಕಾಲೊರಸಿನ ಮೇಲೆ ಮೂರು ಸುತ್ತು ತಿರುಗಿ ಧೊಪ್ಪನೆ ಬಿದ್ದುಕೊಂಡ.

"ಸಾಕು ಬಿಡು" ಎಂದರು ಟೀಚರಮ್ಮ, ಕನ್ನಡಕ ತೆಗೆದು ಒರೆಸುತ್ತಾ. "ಇನ್ನು ಇದನ್ನ ಯಾರೂ ಎಲ್ಲಿಗೂ ಎಳ್ಕೊಂಡು ಹೋಗೋದು ಬೇಡ. ಇದ್ದಷ್ಟು ದಿನ ಇಲ್ಲೇ ಇರುತ್ತೆ."

ಅವಳು ಅಂಗಳದಲ್ಲೇ ಕೂತು ಬಿಕ್ಕಿಬಿಕ್ಕಿ ಅತ್ತಳು. ತಲೆಯೆತ್ತಿದಾಗ ಅವನು ಹೊರಟುಹೋಗಿದ್ದ. ಮುಖ ತೋರಿಸಬೇಡಿ ಎಂದಿದ್ದಳಲ್ಲ, ಮಾತಿಗೆ ತಪ್ಪಲಿಲ್ಲ.

ಆಮೇಲೆ ಅವಳ ಸಂಜೆಗಳು ಶುರುವಾದವು. ಒಂದು ದಿನ ಹೋಗಿ ನೋಡಿದರೆ ತಾತನ ಉಗುರು ಕತ್ತರಿಸಿತ್ತು. ಇನ್ನೊಂದು ದಿನ ಜಾರುವ ನೆಲದ ಮೇಲೆ ರಬ್ಬರ್ ಮ್ಯಾಟು ಹಾಸಿತ್ತು. ಮತ್ತೊಂದು ದಿನ ಟೀಚರಮ್ಮ, "ಬೆಳಗಿನವನಿಗೆ ಜ್ವರ. ಬೇಡ ಅಂದ್ರೂ ಮಫ್ಲರ್ ಸುತ್ಕೊಂಡು ಬಂದಿದ್ದ. ನಾಯಿಗೆ ಏನೇನೋ ಹೇಳ್ಕೋತಿದ್ದ ಪಾಪ" ಎಂದರು. ಅವಳು ಗಂಟುಮುಖ ಮಾಡಿಕೊಂಡೇ ಕೇಳಿದಳು. ಮನೆಗೆ ಹೋಗಿ ಉಣ್ಣಲಾಗಲಿಲ್ಲ. ಸಿಟ್ಟು ಎಲ್ಲಿ ಹೋಯಿತು ಎಂದು ಹುಡುಕಿದಳು, ಸಿಗಲಿಲ್ಲ. ಅವನು ಬೆಳಿಗ್ಗೆ ನಡೆದ ಬೀದಿಯಲ್ಲೇ ತಾನು ಸಂಜೆ ನಡೆಯುತ್ತಿದ್ದೇನೆ, ಒಂದೇ ನಾಯಿಯ ಜೊತೆ, ಹಾಗಾದರೂ ಇಷ್ಟು ದೂರ! ತಡೆಯಲಾರದೆ ಹೋಯಿತು ಅವಳಿಗೆ.

ಮರುದಿನ ಬೆಳಿಗ್ಗೆ ಅವಳು ಗೇಟಿನಲ್ಲಿದ್ದಳು.

ತಾತನ ಹಗ್ಗ ಹಿಡಿದು ಹೊರಬಂದವನು ಗಕ್ಕನೆ ನಿಂತ. ಮಫ್ಲರಿನೊಳಗೆ ಮುಖ ಇಷ್ಟೇ ಇಷ್ಟು ಕಾಣುತ್ತಿತ್ತು.

"ನಾನು ದಿನಾ ಬರ್ತಿದೀನಿ ರೀ" ಎಂದ ಗಾಬರಿಯಿಂದ. "ಒಂದು ದಿನಾನೂ ತಪ್ಪಿಸಿಲ್ಲ. ಟೀಚರಮ್ಮನ್ನ ಬೇಕಾದ್ರೆ ಕೇಳಿ. ನಂಬಿಕೆ ಇಲ್ದೆ ನೋಡೋಕೆ ಬಂದ್ರಾ?"

"ಇಲ್ಲ."

"ಮತ್ತೆ? ನಿಮ್ಮದು ಸಂಜೆ ಅಲ್ವಾ?"

ಅವಳು ಹಗ್ಗಕ್ಕೆ ಕೈ ಹಾಕಿದಳು. ಅವನ ಬೆರಳುಗಳ ಪಕ್ಕದಲ್ಲೇ ಹಿಡಿದಳು, ಕಸಿದುಕೊಳ್ಳಲಿಲ್ಲ.

"ಸಂಜೆ ನೀವಿರಲ್ಲ" ಎಂದಳು.

ಅವನಿಗೆ ಕಣ್ಣು ತುಂಬಿ ಬಂತು. ತಾತ ಇಬ್ಬರ ನಡುವೆ ಹೊರಟ, ನಾಲ್ಕು ಹೆಜ್ಜೆ ಹಾಕಿ ಬೀದಿಯ ಮಧ್ಯೆ ಕೂತ. ಅವರಿಬ್ಬರೂ ಅವನಿಗೆ ಏಳು ಎನ್ನಲಿಲ್ಲ.