ಎಣಿಸಿದ ಹೆಸರುಗಳು

ಗೋವಾದ ವಾಸ್ಕೋದಲ್ಲಿ ಗುರುಲಿಂಗ ಎಂಟರ್ ಒತ್ತಿದನೆಂದರೆ ಬಂದರಿನಿಂದ ಹೊರಟ ಹಡಗು ಕೂಡ ನಿಂತು ಹಿಂತಿರುಗಿ ನೋಡುತ್ತಿತ್ತು. ಸಮುದ್ರ ಅಲೆ ಎಬ್ಬಿಸುವುದನ್ನೇ ಮರೆಯುತ್ತಿತ್ತು. ನಂಬದವರು ನೀಲಾಳನ್ನು ಕೇಳಬೇಕು. ಅವನು ಹಾಗೆ ಹೇಳಿಕೊಂಡದ್ದು ಅವಳೆದುರಿಗೇ.

"ಡೀಸೆಲ್ ತೀರಿ ನಿಂತಿರಬೇಕ್ರಿ," ಎಂದಿದ್ದಳು ನೀಲಾ, ಕಣ್ಣು ಮಾನಿಟರಿನ ಮೇಲೇ ಇಟ್ಟು, ತುಟಿಯ ಒಂದೇ ತುದಿಯಲ್ಲಿ ನಗುತ್ತ. ಆ ಅರ್ಧ ನಗುವಿಗಾಗಿ ಗುರುಲಿಂಗ ಇಡೀ ಸಮುದ್ರವನ್ನು ಕುಡಿಯಲು ತಯಾರಿದ್ದ.

ಇಬ್ಬರೂ ಬಂದರಿನ ಕೂಲಿಗಳಿಗೆ ಗೇಟ್ ಪಾಸ್ ಕೊಡುವ ಆಫೀಸಿನವರು. ಇಂಗ್ಲಿಷ್ ಹೆಸರಿನ ಪಕ್ಕದಲ್ಲಿ ಪ್ರತಿಯೊಬ್ಬರ ಹೆಸರನ್ನು ಕನ್ನಡದಲ್ಲೂ ಟೈಪ್ ಮಾಡುವುದು ನೀಲಾಳ ಕೆಲಸ. ವಿಜಯಪುರದ ಕಡೆಯಿಂದ ಬಂದ ಚಂದವ್ವನಂಥವರು ಪಾಸುಗಳ ರಾಶಿಯಿಂದ ತಮ್ಮದನ್ನು ಆರಿಸಿಕೊಳ್ಳುತ್ತಿದ್ದುದು ಆ ಅಕ್ಷರಗಳ ಆಕಾರ ನೋಡಿ. ಆ ಟೇಬಲ್‌ಗಳನ್ನೆಲ್ಲ ಹಳೆಯ ಡೇಟಾಬೇಸಿನಿಂದ ಬೇರೊಂದು ಕಂಪನಿಯ ಹೊಸ ಡೇಟಾಬೇಸಿಗೆ ಸಾಗಿಸುವ ಪ್ರೋಗ್ರಾಂ ಬರೆಯುವುದು ಗುರುಲಿಂಗನ ಪಾಲಿಗೆ ಬಂದಿತ್ತು.

"ನೀವು ಚಾ ಕುಡಿದು ಕಪ್ ಕೆಳಗ ಇಡೂದ್ರಾಗ ಇಡೀ ವಾಸ್ಕೋ ಆ ಕಡೆ ಹೋಗಿರ್ತೈತ್ರಿ."

"ಒಮ್ಮೆ ತೆರೆದು ನೋಡ್ರಿ ಮತ್ತ, ನನ್ನ ಮಂದಿ ನೆಟ್ಟಗ ಮುಟ್ಯಾರೋ ಇಲ್ಲೋ."

"ಗುರುಲಿಂಗನ ಪ್ರೋಗ್ರಾಂ ತೆರೆದು ನೋಡೂದಾ!"

ಎರಡೂ ಕಡೆಯ ಸಾಲುಗಳ ಲೆಕ್ಕ ಕೂಡಿ ಬಂತು. ಅಷ್ಟೇ ಸಾಕಾಯಿತು ಅವನಿಗೆ. "ಹಳೇದು ಅಳಿಸಿಬಿಡ್ರಿ," ಎಂದು ಕಾಲರ್ ಎತ್ತಿ ಸಾಹೇಬರಿಗೆ ಹೇಳಿದ. ಅಂದೇ ಅಳಿಸಿದ್ದೂ ಆಯಿತು.

ಮರುದಿನ ಹೊಸ ಟೇಬಲ್ ತೆರೆದರೆ, ಕನ್ನಡದ ಹೆಸರುಗಳಿರಬೇಕಾದ ಕಡೆಯೆಲ್ಲ ಬರೀ ಪ್ರಶ್ನಾರ್ಥಕ ಚಿಹ್ನೆಗಳು. ಹೊಸದರಲ್ಲಿ ಆ ಕಾಲಂ ಮಾಡುವಾಗ ಗುರುಲಿಂಗ ಅದರಲ್ಲಿ ಕನ್ನಡ ಹಿಡಿಸುವಂತೆ ಮಾಡುವುದನ್ನೇ ಮರೆತಿದ್ದ. ಚಂದವ್ವನೂ ಪ್ರಶ್ನೆ, ಅಮೀನಪ್ಪನೂ ಪ್ರಶ್ನೆ. ಹಡಗು ನಿಲ್ಲಿಸುವ ಗಂಡು ತಪ್ಪು ಒಪ್ಪಿಕೊಳ್ಳುವುದುಂಟೇ? ಆ ಕಾಲಮನ್ನೇ ಕಿತ್ತುಹಾಕಿ, "ಹೊಸ ಸಿಸ್ಟಮ್‌ಗೆ ಕನ್ನಡ ಬರಂಗಿಲ್ರಿ" ಎಂದುಬಿಟ್ಟ.

ಸಾಹೇಬರು ನಂಬಿದರು. ಕನ್ನಡವೇ ಬೇಡವಾದ ಮೇಲೆ ನೀಲಾ ಯಾಕೆ ಬೇಕು? ಅವಳನ್ನು ಫೋಂಡಾದಾಚೆ ಉಸಗಾಂವದ ಗೋಡೌನಿಗೆ ಹಾಕಿದರು.

ಅವಳ ಕೊನೆಯ ದಿನ ಸಂಜೆ ಕಿಟಕಿಯಲ್ಲಿ ಚಂದವ್ವ ನಿಂತಿದ್ದಳು. "ಇದರಾಗ ನಂದ್ಯಾವ್ದು ನೋಡವ್ವಾ ನೀಲಾ? ಮೊನ್ನೆ ಬ್ಯಾರೆದವ್ರದು ಒಯ್ದು ವಾಚ್‌ಮನ್ ಕಡೆ ಬೈಸ್ಕೊಂಡೆ."

ನೀಲಾ ಪಾಸು ಹುಡುಕಿ ಕೊಟ್ಟಳು. ಆಮೇಲೆ ಏನನ್ನಿಸಿತೋ, ಹೊಸ ಡೇಟಾಬೇಸಿನ ಕಂಪನಿಯವರೇ ಮಾಡಿಕೊಟ್ಟಿದ್ದ ಷರಾ ಕಾಲಮಿನಲ್ಲಿ 'ಚಂದವ್ವ' ಎಂದು ಟೈಪ್ ಮಾಡಿ ಸೇವ್ ಮಾಡಿದಳು. ಮತ್ತೆ ತೆರೆದಳು. ಚಂದವ್ವ ಒತ್ತಕ್ಷರ ಸಮೇತ ನೆಟ್ಟಗೆ ಕೂತಿದ್ದಳು.

"ಗುರುಲಿಂಗ ಅವ್ರ, ಬರ್ತೈತಲ್ರಿ ಕನ್ನಡ?"

ಹತ್ತು ಸುಳ್ಳು ನಾಲಿಗೆಯ ತುದಿಗೆ ಬಂದು ಸಾಲಾಗಿ ನಿಂತವು. ಆದರೆ ಈ ಸಲ ಅವಳು ಮಾನಿಟರ್ ನೋಡುತ್ತಿರಲಿಲ್ಲ; ನೇರ ಅವನನ್ನೇ ನೋಡುತ್ತಿದ್ದಳು. ಅವನು ಎಂದಿನಿಂದಲೋ ಬೇಡಿಕೊಂಡಿದ್ದ ನೋಟ ಅದು.

"ಬರ್ತೈತ್ರಿ. ನಾನ ಕೆಡಿಸಿದೆ. ಲೆಕ್ಕ ಕೂಡಿತು ಅಂತ ಹಳೇದು ಅಳಸ್ರಿ ಅಂದೆ. ನಿಮ್ಮ ಮುಂದ ಸಣ್ಣಾಂವ ಆಗಬಾರದಂತ ಸುಳ್ಳ ಹೇಳಿದೆ."

"ಎಣಿಸಿದ್ರಿ," ಎಂದಳು ನೀಲಾ ಮೆಲ್ಲಗೆ. "ಓದಲಿಲ್ಲ."

ಬಸ್ ಸ್ಟ್ಯಾಂಡಿನವರೆಗೆ ಅವಳ ಚೀಲ ಅವನೇ ಹೊತ್ತ.

"ನಾಳೆ ಸಾಹೇಬರಿಗೆ ಖರೇ ಹೇಳ್ತೇನ್ರಿ."

"ಹೇಳ್ರಿ. ಚಂದವ್ವಗ ಬೇಕದು."

"ನೀ ಹೋಗಬ್ಯಾಡ ನೀಲಾ. ನೀ ಅಂದ್ರ ನನಗ ಜೀವ."

ಮೊದಲ ಸಲ 'ರೀ' ಬಿಟ್ಟು ಕರೆದಿದ್ದ. ಅವಳ ತುಟಿಯ ತುದಿಯಲ್ಲಿ ಅದೇ ಅರ್ಧ ನಗು. ಕಣ್ಣು ಮಾತ್ರ ತುಂಬಿತ್ತು.

"ಇದೂ ಹಡಗಿನ ಮಾತೋ, ಖರೇನೋ, ನಾ ಹೆಂಗ ತಿಳೀಬೇಕ್ರಿ?"

ಮಾತಿನ ಮಲ್ಲ ಚೀಲವನ್ನು ಅವಳ ಕೈಗೆ ಕೊಟ್ಟ. ಫೋಂಡಾ ಬಸ್ಸು ಬಂತು, ಅವಳು ಹತ್ತಿದಳು.

ಯಾವ ಹಡಗೂ ಎಂದೂ ನಿಂತಿರಲಿಲ್ಲ, ಸಮುದ್ರ ಒಂದೇ ಒಂದು ಅಲೆಯನ್ನೂ ಮರೆತಿರಲಿಲ್ಲ; ಮೊದಲಿಗೆ ಹೇಳಿದ್ದೆಲ್ಲ ಶುದ್ಧ ಸುಳ್ಳು. ಗುರುಲಿಂಗ ಒತ್ತಿದ ಎಂಟರ್‌ಗೆ ವಾಸ್ಕೋದಿಂದ ನಿಜವಾಗಿ ಕದಲಿದ್ದು ಒಂದೇ: ನೀಲಾ ಕೂತಿದ್ದ ಆ ಬಸ್ಸು.